ಹಾಲೇಶಪ್ಪ ಬಳಗವನ್ನು ಕೊಂದು ಬದುಕಿಸಿದ್ದು

ಕೊಟ್ಟೂರಿನ ನಿವೃತ್ತ ಬಸ್ ಕಂಡಕ್ಟರ್ ಹಾಲೇಶಪ್ಪ ಊರಿನ ಪಿಂಚಣಿದಾರರನ್ನೆಲ್ಲ ಒಂದೇ ದಿನ ಸಾಯಿಸಿದ ಸಂಗತಿ ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ನಡೆದದ್ದು. ಅವನೇನು ಕ್ರೂರಿಯಲ್ಲ. ಇರುವೆ ತುಳಿದರೂ ‘ಶಿವಾ’ ಎನ್ನುವ ಮನುಷ್ಯ. ಸರ್ವಿಸಿನಲ್ಲಿದ್ದಾಗ ಟಿಕೆಟ್ಟಿಲ್ಲದವರನ್ನು ಕೆಳಗಿಳಿಸಬೇಕಾದರೂ ಬೇವಿನ ಮರದ ನೆರಳು ಬರುವ ತನಕ ಕಾದು ಇಳಿಸುತ್ತಿದ್ದ. ಅಂಥವನ ಕೈಯಿಂದ ಇಂಥದ್ದು ಹೇಗಾಯಿತು ಎಂದು ಊರು ಬಹಳ ದಿನ ಚರ್ಚೆ ಮಾಡಿತು. ಕೆಲವರು ತಪ್ಪು ಕಂಪ್ಯೂಟರಿನದು ಎಂದರು, ಕೆಲವರು ವಯಸ್ಸಿನದು ಎಂದರು. ಅವನ ಹೆಂಡತಿ ಪಂಪಮ್ಮ ಮಾತ್ರ, ಹೆಬ್ಬಾವಿನ ಹೆಸರಿಟ್ಟುಕೊಂಡ ವಿದ್ಯೆ ಕಲಿಯಲು ಹೋದರೆ ಅದು ಜನರನ್ನು ನುಂಗದೆ ಇನ್ನೇನು ಮಾಡುತ್ತದೆ ಎಂದು ಕೇಳಿದಳು.

ಮೊದಲಿನಿಂದ ಹೇಳಿದರೇ ಸರಿ.

ಹಾಲೇಶಪ್ಪ ಕಂಡಕ್ಟರಾಗಿದ್ದ ಬಸ್ಸಿಗೆ ಗಾದೆಪ್ಪ ಡ್ರೈವರ್. ಗಾದೆಪ್ಪ ಗುಡೇಕೋಟೆ ಕಡೆಯ ಕುರಿಗಾರರ ಮನೆಯವನು. ಕುರಿ ಮೇಯಿಸುವುದಕ್ಕೂ ಬಸ್ಸು ಓಡಿಸುವುದಕ್ಕೂ ಬಹಳ ಅಂತರವಿಲ್ಲ, ಎರಡಕ್ಕೂ ಬೇಕಾದದ್ದು ಬಾಯಿ ಮತ್ತು ಸಮಾಧಾನ ಎನ್ನುತ್ತಿದ್ದ. ಹಾಲೇಶಪ್ಪ ಕಿರಾಣಿ ಅಂಗಡಿಯವರ ಮಗ, ಹಣೆಗೆ ವಿಭೂತಿ ಇಲ್ಲದೆ ಡ್ಯೂಟಿಗೆ ಹತ್ತಿದವನಲ್ಲ. ಇಬ್ಬರೂ ಕೊಟ್ಟೂರಿನಿಂದ ಹರಪನಹಳ್ಳಿಗೆ, ಹರಪನಹಳ್ಳಿಯಿಂದ ಹಡಗಲಿಗೆ ಜಗಳವಾಡುತ್ತ ಹೋಗಿ, ಜಗಳವಾಡುತ್ತ ಬಂದು ಸರ್ವಿಸು ಮುಗಿಸಿದರು. ಹಾಲೇಶಪ್ಪ ‘ರೈಟ್’ ಎಂದು ಸೀಟಿ ಊದಿದ ಮೇಲೂ ಗಾದೆಪ್ಪ ಹೊಲದ ಆಚೆ ಓಡಿಬರುತ್ತಿದ್ದ ಯಾವಳೋ ಮುದುಕಿಗಾಗಿ ಬಸ್ಸು ನಿಲ್ಲಿಸಿಕೊಂಡೇ ಇರುತ್ತಿದ್ದ. ಆ ಮುದುಕಿ ಬಸ್ಸಿಗಾಗಿ ಅಲ್ಲ, ತಪ್ಪಿಸಿಕೊಂಡ ಎಮ್ಮೆಗಾಗಿ ಓಡುತ್ತಿದ್ದಾಳೆಂದು ಆಮೇಲೆ ಗೊತ್ತಾಗುತ್ತಿತ್ತು. ಅದರ ಮೇಲೆ ಮುಂದಿನ ಊರಿನ ತನಕ ಜಗಳ.

ನಿವೃತ್ತರಾದ ಮೇಲೆ ಇಬ್ಬರೂ ಸೇರಿ ‘ಸಂಜೀವಿನಿ ನಿವೃತ್ತರ ಬಳಗ’ ಕಟ್ಟಿದರು. ಅಧ್ಯಕ್ಷರು ಮೈಲಾರಲಿಂಗಪ್ಪ, ಕಂದಾಯ ಇಲಾಖೆಯಲ್ಲಿದ್ದವರು, ನಗುವುದಕ್ಕೂ ಮೇಲಧಿಕಾರಿಯ ಅಪ್ಪಣೆ ಬೇಕೆಂದು ನಂಬಿದವರು. ಹಾಲೇಶಪ್ಪ ಕಾರ್ಯದರ್ಶಿ. ಗಾದೆಪ್ಪನಿಗೆ ಪದವಿ ಇರಲಿಲ್ಲ, ಕೆಲಸವಿತ್ತು. ಸಭೆ ಯಾವತ್ತು, ಯಾರಿಗೆ ಮೊಣಕಾಲು ನೋವು, ಯಾರ ಮೊಮ್ಮಗಳ ಮದುವೆ, ಎಲ್ಲವನ್ನೂ ಸೈಕಲ್ಲಿನ ಮೇಲೆ ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದ. ಯಾರಾದರೂ ತೀರಿಕೊಂಡರೆ ಆ ಸುದ್ದಿ ಮುಟ್ಟಿಸುವುದೂ ಅವನದೇ. ಮೊದಲು ನೀರು ಕೇಳಿ ಕುಡಿದು, ಮನೆಯವರೆಲ್ಲ ಕುಳಿತ ಮೇಲೆ ಮೆಲ್ಲಗೆ ಹೇಳುತ್ತಿದ್ದ. ಅವನ ಬಾಯಿಂದ ಕೇಳಿದ ಸಾವಿಗೆ ಜನ ಬೇಗ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗಾದೆಪ್ಪ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹಾಕಲು ಅಂಗಳಕ್ಕೆ ಬಂದವನು ಗೋಡೆಗೆ ಒರಗಿ ಕುಳಿತ. ಹೆಂಡತಿ ಓಬಮ್ಮ ಚಹಾ ತಂದು ಕರೆದಳು. ಅವನು ಏಳಲಿಲ್ಲ.

ಆ ಸುದ್ದಿಯನ್ನು ಮನೆಮನೆಗೆ ಹೇಳಲು ಯಾರೂ ಇರಲಿಲ್ಲ. ಅದು ತಾನೇ ಹರಡಿತು.

ಮುಂದಿನ ಸಭೆಯಲ್ಲಿ ಮೈಲಾರಲಿಂಗಪ್ಪನವರು, ಇನ್ನು ಮೇಲೆ ಸುದ್ದಿ ಮುಟ್ಟಿಸುವ ಕೆಲಸ ಇನ್ನೊಬ್ಬರಿಗೆ ವಹಿಸಬೇಕಾಗುತ್ತದೆ, ಗಾದೆಪ್ಪನ ಸೈಕಲ್ಲು ಅವನ ಮನೆಯಲ್ಲಿ ಸುಮ್ಮನೆ ನಿಂತಿದೆ, ಅದನ್ನೇ ಕೇಳಿ ತರಿಸಬಹುದು ಎಂದು ಸೂಚಿಸಿದರು. ಯಾರೋ ತಾವು ಹೋಗುತ್ತೇವೆ ಎಂದು ಕೈಯೆತ್ತಿದರು ಕೂಡ. ಆಗ ಹಾಲೇಶಪ್ಪ ದಿಗ್ಗನೆ ಎದ್ದು ನಿಂತ. ಯಾರೂ ಸೈಕಲ್ಲು ಹತ್ತಬೇಕಾಗಿಲ್ಲ, ಕಾಲ ಬದಲಾಗಿದೆ, ಇನ್ನು ಮುಂದೆ ಯಾರಿಗೆ ಏನು ತಿಳಿಸಬೇಕೆಂದು ಕಂಪ್ಯೂಟರೇ ನಿರ್ಧಾರ ಮಾಡಿ ಪತ್ರ ಬರೆಯುತ್ತದೆ, ಅದನ್ನು ತಾನು ಮಾಡಿಸುತ್ತೇನೆ ಎಂದು ಸಾರಿದ. ಸಭೆ ಬೆರಗಾಯಿತು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಹಾಲೇಶಪ್ಪನೇ, ಏಕೆಂದರೆ ಅಲ್ಲಿಯ ತನಕ ಅವನು ಕಂಪ್ಯೂಟರನ್ನು ರೈಲ್ವೆ ಟಿಕೆಟ್ಟಿನ ಕಿಂಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

ಆಡಿದ ಮಾತು ಬಿಟ್ಟ ಬಾಣ. ಮರುದಿನ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದ. ಅದನ್ನು ನಡೆಸುತ್ತಿದ್ದ ಪುಷ್ಪಲತಾ ಮೇಡಂ ಆಗಷ್ಟೇ ದಾವಣಗೆರೆಗೆ ಹೋಗಿ ಪೈಥಾನ್, ಅಂದರೆ ಹೆಬ್ಬಾವು, ಎಂಬ ಹೊಸ ಕಂಪ್ಯೂಟರ್ ಭಾಷೆ ಕಲಿತು ಬಂದಿದ್ದಳು. ಕಲಿಸೋಣವೆಂದರೆ ಊರಿನಲ್ಲಿ ಎಲ್ಲರಿಗೂ ಟೈಪಿಂಗೇ ಬೇಕು. ಹೀಗಿರುವಾಗ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದು, ಯಂತ್ರ ತಾನೇ ಯೋಚನೆ ಮಾಡಿ ಪತ್ರ ಬರೆಯುವ ವಿದ್ಯೆ ಬೇಕು ಎಂದರೆ ಆಕೆಗೆ ದೇವರೇ ಬಂದಷ್ಟು ಸಂತೋಷವಾಯಿತು.

ಆಕೆ ಚೆನ್ನಾಗಿಯೇ ಕಲಿಸಿದಳು. ಆ ವಿಷಯದಲ್ಲಿ ಆಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಕೆಲವು ವಾರಗಳ ಮೇಲೆ ಕ್ಲಾಸು, ಇನ್‌ಸ್ಟನ್ಸು ಎಂಬ ಎರಡು ಮಾತುಗಳು ಬಂದವು. ಕ್ಲಾಸು ಎಂದರೆ ಹಾಲೇಶಪ್ಪ ಶಾಲೆ ಎಂದುಕೊಂಡ. ಪುಷ್ಪಲತಾ ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆಯುವ ಸಕ್ಕರೆ ಆರತಿಯ ಗೊಂಬೆಗಳನ್ನು ನೆನಪಿಸಿದಳು.

“ಕ್ಲಾಸ್ ಅಂದ್ರ ಕಟ್ಟಿಗಿ ಅಚ್ಚು ಸರ್. ಆನಿ ಅಚ್ಚು ಒಂದ ಇರ್ತೈತಿ, ಪಾಕ ಹೊಯ್ದು ಆನಿ ಎಷ್ಟು ಬೇಕಾದ್ರೂ ತೆಗೀಬಹುದು. ಹಂಗ ತೆಗದ ಒಂದೊಂದು ಆನೀನೂ ಒಂದೊಂದು ಇನ್‌ಸ್ಟನ್ಸು. ಒಂದು ಆನಿ ಸೊಂಡಿಲು ಮುರದ್ರ ಉಳದವಕ್ಕ ಏನೂ ಆಗಂಗಿಲ್ಲ. ಆದ್ರ ಅಚ್ಚಿನಾಗಿನ ಸೊಂಡಿಲಾನ ಕೆರದು ತೆಗದ್ರ?”

“ಯಾವ ಆನಿಗೂ ಸೊಂಡಿಲು ಇರಂಗಿಲ್ರಿ,” ಎಂದ ಹಾಲೇಶಪ್ಪ.

ಕಂಪ್ಯೂಟರಿನ ಅಚ್ಚು ಇನ್ನೂ ಒಂದು ಕೈ ಮೇಲು, ಆಗಲೇ ಹೊರಗೆ ಬಂದ ಆನೆಗಳ ಸೊಂಡಿಲೂ ಹೋಗುತ್ತದೆ ಎಂದು ಆಕೆ ವಿವರಿಸಿದಳು. ಯಾವ ಆನೆಯನ್ನು ಕೇಳಿದರೂ ಅದು ಮೊದಲು ತನ್ನ ಮೈ ತಡವಿ ನೋಡಿಕೊಳ್ಳುತ್ತದೆ. ತನ್ನದೆಂಬುದು ಇಲ್ಲದಿದ್ದರೆ ಅಚ್ಚಿನ ಕಡೆ ತಿರುಗಿ ನೋಡಿ ಅಲ್ಲಿದ್ದದ್ದನ್ನೇ ಹೇಳುತ್ತದೆ. ಹಾಲೇಶಪ್ಪ ತಲೆ ಆಡಿಸಿದ. ಅವನ ತಲೆಯ ಕಷ್ಟವೆಂದರೆ, ಅದು ಎಲ್ಲದಕ್ಕೂ ಆಡುತ್ತಿತ್ತು. ಹಡಗಲಿಯ ಗುಂಡಿಬಿದ್ದ ರಸ್ತೆಯಲ್ಲಿ ಅಷ್ಟು ವರ್ಷ ಬಸ್ಸಿನೊಳಗೆ ನಿಂತು ಓಡಾಡಿದವರ ತಲೆ ಹಾಗೇ.

ಆಮೇಲೆ ಆಕೆ ‘ಸೆಲ್ಫ್’ ಎಂಬ ಪದ ಬರೆಸಿದಳು. ಸೆಲ್ಫ್ ಎಂದರೆ ಆ ಆನೆ, ತಾನು, ತನ್ನದು. ಹಾಲೇಶಪ್ಪನ ಮುಖ ಅರಳಿತು. ಸೆಲ್ಫ್ ತನಗೆ ಗೊತ್ತು, ಗಾಡಿ ಚಾಲೂ ಮಾಡುವುದು, ತಮ್ಮ ಬಸ್ಸಿನದು ಎಂದೂ ನೆಟ್ಟಗಿರಲಿಲ್ಲ, ಪ್ರತಿ ಬೆಳಿಗ್ಗೆ ಪ್ಯಾಸೆಂಜರುಗಳನ್ನು ಇಳಿಸಿ ತಳ್ಳಿಸಬೇಕಾಗುತ್ತಿತ್ತು ಎಂದು ಹೇಳಲು ಶುರುಮಾಡಿದ. ತಾನು ಹಿಂದಿನಿಂದ ಹೆಗಲು ಕೊಟ್ಟರೆ ಮುಂದೆ ಸ್ಟೇರಿಂಗ್ ಹಿಡಿದವನು ಕಿಟಕಿಯಿಂದ ತಲೆ ಹಾಕಿ, ಕಂಡಕ್ಟರ್ ಸಾಹೇಬ್ರು ಉಂಡಿಲ್ಲೇನು ಎಂದು ಎಲ್ಲರೆದುರು ಕೇಳುತ್ತಿದ್ದ ಎಂಬಲ್ಲಿಗೆ ಬಂದು ಮಾತು ನಿಂತಿತು. ಹಾಲೇಶಪ್ಪ ಬಹಳ ಹೊತ್ತು ಗೊಬ್ಬರದ ಚೀಲ ಇಳಿಸುವವರನ್ನು ಕಿಟಕಿಯಿಂದ ನೋಡುತ್ತ ಕುಳಿತ. ಪುಷ್ಪಲತಾ ಅವತ್ತಿನ ಪಾಠ ಅಷ್ಟಕ್ಕೇ ಮುಗಿಸಿದಳು.

ಅಂತೂ ಪ್ರೋಗ್ರಾಮು ಸಿದ್ಧವಾಯಿತು. ‘ಸದಸ್ಯ’ ಎಂಬುದು ಕ್ಲಾಸು, ಅಂದರೆ ಅಚ್ಚು. ಮೈಲಾರಲಿಂಗಪ್ಪ, ನರ್ಸ್ ಕೊಟ್ರಮ್ಮ, ಗಾದೆಪ್ಪ, ಹಾಲೇಶಪ್ಪ, ಎಲ್ಲರೂ ಆ ಅಚ್ಚಿನಿಂದ ಬಂದ ಆನೆಗಳು. ಹೆಸರು, ವಿಳಾಸ ಅವರವರದು. ಬಳಗಕ್ಕೆ ಸೇರಲು ಎಲ್ಲರೂ ಬದುಕಿರಲೇಬೇಕಾದ್ದರಿಂದ ‘ಜೀವಂತ’ ಎಂಬ ಒಂದು ಗುಣವನ್ನು ಅಚ್ಚಿನಲ್ಲೇ ಕೆತ್ತಿ ‘ಟ್ರೂ’ ಎಂದು ಇಟ್ಟಿದ್ದರು. ಜೀವಂತ ಟ್ರೂ ಆಗಿದ್ದರೆ ಯಂತ್ರ ತಿಂಗಳ ಸಭೆಯ ಪತ್ರ ಬರೆಯುತ್ತದೆ. ಫಾಲ್ಸ್ ಆದರೆ ಮನೆಯವರಿಗೆ ಸಂತಾಪ ಪತ್ರ.

ಸಂತಾಪ ಪತ್ರದ ಒಕ್ಕಣೆಯನ್ನು ಹಾಲೇಶಪ್ಪ ಯಾರಿಗೂ ತೋರಿಸದೆ ತಾನೇ ಬರೆದ. ‘ತುಂಬಲಾರದ ನಷ್ಟ’ ಎಲ್ಲರೂ ಬರೆಯುವಂಥದ್ದು, ಅದೂ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: ‘ಅವರು ಮನೆಗೆ ಬಂದರೆ ಬಾಗಿಲು ತಟ್ಟುವ ಮೊದಲೇ ಅವರ ನಗು ಕೇಳಿಸುತ್ತಿತ್ತು.’

ಇನ್ನು ಉಳಿದದ್ದು ಒಂದೇ ಕೆಲಸ, ಗಾದೆಪ್ಪನ ಹೆಸರಿನ ಮುಂದೆ ಜೀವಂತವನ್ನು ಫಾಲ್ಸ್ ಮಾಡುವುದು. ಪುಷ್ಪಲತಾ ಕಾಗದದ ಕಟ್ಟು ತರಲು ಕೆಳಗೆ ಹೋಗಿದ್ದಳು. ಹಾಲೇಶಪ್ಪ ಕೀಲಿಮಣೆಯ ಮೇಲೆ ಬೆರಳಿಟ್ಟ. ಬೆರಳು ಆ ಹೆಸರು ಒತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿದ. ತೀರಿಕೊಂಡದ್ದು ಒಬ್ಬ ಸದಸ್ಯ. ಯಾವ ಸದಸ್ಯ ಎಂಬುದು ಊರಿಗೆಲ್ಲ ಗೊತ್ತು. ಇಷ್ಟೆಲ್ಲ ಬುದ್ಧಿ ಇರುವ ಯಂತ್ರಕ್ಕೆ ಗೊತ್ತಾಗದೆ ಇರುತ್ತದೆಯೇ? ಹೀಗೆಂದು ಅವನು ಹೆಸರಿನ ಬದಲು ‘ಸದಸ್ಯ’ ಎಂದು ಒತ್ತಿ, ಚುಕ್ಕೆ ಇಟ್ಟು, ಜೀವಂತ ಫಾಲ್ಸ್ ಎಂದು ಬರೆದ.

ಅಚ್ಚಿನ ಸೊಂಡಿಲು ಹೋಯಿತು.

ಪ್ರಿಂಟರು ಕಟಕಟ ಎಂದು ಹಾಳೆಗಳನ್ನು ಉಗುಳಿತು. ಅವುಗಳ ನಡುವೆ ಒಂದು ಹಾಳೆ ಇರುತ್ತದಲ್ಲ, ಅದು ಕಣ್ಣಿಗೆ ಬೀಳಬಾರದೆಂದು ಹಾಲೇಶಪ್ಪ ಇಡೀ ಕಟ್ಟನ್ನು ಬೋರಲು ಮಾಡಿ ಮನೆಗೆ ಒಯ್ದ. ಪಂಪಮ್ಮ ಅಂಟು ಹಚ್ಚಿದಳು, ಅವನು ಬೋರಲಾಗಿಯೇ ಮಡಚಿದ. ವಿಳಾಸದ ಚೀಟಿ ಹೊರಗಿತ್ತು, ಒಕ್ಕಣೆ ಒಳಗಿತ್ತು. ಸಂಜೆಗೆ ಎಲ್ಲವೂ ಅಂಚೆ ಡಬ್ಬಿ ಸೇರಿದವು.

ಪತ್ರಗಳು ಸೋಮವಾರ ಮುಟ್ಟಿದವು.

ಮೈಲಾರಲಿಂಗಪ್ಪನವರು ಅವತ್ತು ಬೆಳಿಗ್ಗೆಯೇ ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಮೊಬೈಲನ್ನು ಮನೆಯಲ್ಲೇ ಮರೆತಿದ್ದರು. ಸೊಸೆ ಪತ್ರ ಒಡೆದು ನೋಡಿದರೆ, ತಮ್ಮ ಮನೆಯ ಹಿರಿಯರಾದ ಶ್ರೀ ಮೈಲಾರಲಿಂಗಪ್ಪನವರ ಅಗಲಿಕೆ ತುಂಬಲಾರದ ನಷ್ಟ ಎಂದಿದೆ. ಬಳಗದ ಮೊಹರಿದೆ. ದಾರಿಯಲ್ಲಿ ಏನೋ ಆಗಿ ಬಳಗದವರಿಗೆ ಮೊದಲು ಗೊತ್ತಾಗಿರಬೇಕೆಂದು, ಅಂಚೆಗೆ ಒಂದು ದಿನವಾದರೂ ಬೇಕೆಂಬುದು ಹೊಳೆಯದೆ, ಆಕೆ ಹೌಹಾರಿ ಮಾವನ ಮೊಬೈಲಿಗೆ ಫೋನ್ ಮಾಡಿದಳು. ಅದು ದೇವರ ಗೂಡಿನ ಪಕ್ಕದಲ್ಲಿ ಬಡಿದುಕೊಳ್ಳತೊಡಗಿದಾಗ ಆಕೆಯ ಧೈರ್ಯ ಹೋಯಿತು. ನಗು ಕೇಳಿಸುತ್ತಿತ್ತು ಎಂಬ ಸಾಲಿಗೆ ಬಂದಾಗ ಮಾತ್ರ ಅಳು ಒಂದು ಕ್ಷಣ ನಿಂತಿತಂತೆ, ಇದು ನಮ್ಮ ಮಾವನವರ ಬಗ್ಗೆಯೇ ಹೌದೋ ಅಲ್ಲವೋ ಎಂದು. ಆದರೂ ಅಳುವ ಹೊತ್ತಿನಲ್ಲಿ ಯಾರು ಅಷ್ಟು ಪರೀಕ್ಷೆ ಮಾಡುತ್ತಾರೆ? ನೀಲಗುಂದಕ್ಕೆ, ಹಡಗಲಿಗೆ, ಹರಪನಹಳ್ಳಿಗೆ ಫೋನು ಹೋಯಿತು.

ಮಧ್ಯಾಹ್ನ ಮೈಲಾರಲಿಂಗಪ್ಪನವರು ಬಸ್ಸಿಳಿದು ಮನೆಯ ಬೀದಿಗೆ ತಿರುಗಿದರೆ ಜನವೋ ಜನ. ನೀಲಗುಂದದ ಬೀಗರು ಟೆಂಪೋ ಮಾಡಿಕೊಂಡು ಹಾರದ ಸಮೇತ ಬಂದಿದ್ದರು. ಇವರು ಹಿಂದಿನಿಂದ ಹೋಗಿ, ಯಾರು ಹೋದರು ಎಂದು ಒಬ್ಬರ ಹೆಗಲು ಮುಟ್ಟಿ ಕೇಳಿದರು. ಆತ ತಿರುಗದೆಯೇ, “ನಮ್ಮ ಬೀಗರು. ಸಿಡುಕು ಮನುಷ್ಯ, ಆದ್ರೂ ಬರಬೇಕಲ್ರಿ,” ಎಂದ.

ಮುಂದಿನದನ್ನು ವಿವರಿಸಬೇಕಾಗಿಲ್ಲ. ಹೇಳಬೇಕಾದದ್ದು ಇಷ್ಟೇ: ಸಿಟ್ಟು, ಗದ್ದಲ, ಚಹಾ ಎಲ್ಲ ಮುಗಿದು ಬಂದವರೆಲ್ಲ ಹೋದ ಮೇಲೆ ಮೈಲಾರಲಿಂಗಪ್ಪನವರು ಯಾರು ಯಾರು ಬಂದಿದ್ದರೆಂದು ಸೊಸೆಯನ್ನು ಕೇಳಿದರು. ಹಡಗಲಿಯಲ್ಲಿದ್ದ ಸ್ವಂತ ತಮ್ಮ ಬಂದಿರಲಿಲ್ಲ. ಫೋನು ಹೋಗಿತ್ತು, ಆಯಿತು ಎಂದಿದ್ದನಂತೆ. ಅಧ್ಯಕ್ಷರು ಗೂಡಿನ ಪಕ್ಕದ ಮೊಬೈಲು ತೆಗೆದುಕೊಂಡು ತಮ್ಮನಿಗೆ ಫೋನ್ ಹಚ್ಚಿ, “ನಾ ಸತ್ತೀನಿ ಅಂತ ಸುದ್ದಿ ಬಂದಿತ್ತಂತಲ್ಲ. ನೀ ಯಾಕ ಬರ್ಲಿಲ್ಲ?” ಎಂದು ಕೇಳಿದರು. ಆಮೇಲೆ ಮೊಬೈಲನ್ನು ಮತ್ತೆ ಗೂಡಿನ ಪಕ್ಕಕ್ಕೇ ಇಟ್ಟರು. ಸಂಜೆಯ ತನಕ ಜಗುಲಿಯ ಮೇಲೆ ಒಬ್ಬರೇ ಕುಳಿತಿದ್ದರು.

ಮರುದಿನ ಸತ್ತವರೆಲ್ಲ ಹಾಲೇಶಪ್ಪನ ಮನೆಗೆ ಬಂದರು. ಒಬ್ಬೊಬ್ಬರೂ ತಮ್ಮ ತಮ್ಮ ಸಾವಿನ ಪತ್ರವನ್ನು ಕಟ್ಟೆಯ ಮೇಲೆ ಒಗೆದರು. ಹಾಲೇಶಪ್ಪ ಕಂಬಕ್ಕೆ ಆತು ನಿಂತು ಎಲ್ಲದಕ್ಕೂ ತಲೆ ಆಡಿಸಿದ. ಪಂಪಮ್ಮ ಒಳಗಿನಿಂದಲೇ, ತನ್ನ ಗಂಡನಿಗೂ ಒಂದು ಬಂದಿದೆ, ಅದನ್ನು ಓದಿದ ಮೇಲೂ ತಾನು ರೊಟ್ಟಿ ಬಡಿದಿದ್ದೇನೆ, ನೀವೆಲ್ಲ ಸುಮ್ಮನೆ ಮನೆಗೆ ಹೋಗಿ ಉಣ್ಣಿರಿ ಎಂದು ಅಬ್ಬರಿಸಿದ ಮೇಲೆ ಗುಂಪು ಕರಗಿತು.

ಕೊನೆಗೆ ಉಳಿದವಳು ನರ್ಸ್ ಕೊಟ್ರಮ್ಮ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿದಾಕೆ. ತನಗೆ ಮದುವೆಯಾಗಲಿ ಮಕ್ಕಳಾಗಲಿ ಇಲ್ಲ. ದಿವಂಗತ ಕೊಟ್ರಮ್ಮನವರ ಮನೆಯವರಿಗೆ ಎಂದು ಬಂದ ಪತ್ರವನ್ನು ಆ ಮನೆಯಲ್ಲಿ ಒಡೆಯಲು ಕೊಟ್ರಮ್ಮನೇ ಇದ್ದದ್ದು. ಆಕೆ ಪತ್ರವನ್ನು ಕಟ್ಟೆಯ ಮೇಲೆ ಒಗೆಯಲಿಲ್ಲ. ಅದನ್ನು ತಾನು ಇಟ್ಟುಕೊಂಡರೆ ನಡೆಯುತ್ತದೆಯೇ ಎಂದು ಕೇಳಲು ಬಂದಿದ್ದಳು.

“ಆ ನಗು ಕೇಳಿಸ್ತಿತ್ತು ಅನ್ನೋದು ನನ್ನ ಬಗ್ಗೆ ಅಲ್ಲ, ಗೊತ್ತೈತ್ರಿ ಹಾಲೇಶಪ್ಪ,” ಎಂದಳು. “ಆದ್ರೂ ಓದಿ ಸಮಾಧಾನ ಆತು. ಖರೇ ಹೋದಾಗ ನನ್ನ ಮನಿಗೆ ಯಾರು ಬರೀತಾರ?”

ಹಾಲೇಶಪ್ಪ ಇಟ್ಟುಕೊಳ್ಳಿ ಎಂದ. ಆಕೆ ಹೋದ ಮೇಲೆ ಕಟ್ಟೆಯ ಮೇಲಿನ ಪತ್ರಗಳನ್ನು ಎತ್ತಿಕೊಂಡ. ಗಾದೆಪ್ಪನ ಮನೆಯಿಂದ ಯಾರೂ ಬಂದಿರಲಿಲ್ಲ. ಬರುವುದು ಹೇಗೆ? ಅವರಿಗೆ ಬಂದ ಪತ್ರದಲ್ಲಿ ತಪ್ಪೇನೂ ಇರಲಿಲ್ಲವಲ್ಲ.

ಅವನು ಅಲ್ಲಿಂದ ನೇರ ತರಬೇತಿ ಕೇಂದ್ರಕ್ಕೆ ಓಡಿದ. ಪುಷ್ಪಲತಾ ಹರಪನಹಳ್ಳಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೊರಟು, ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ನಿಂತ ಕಾಲಲ್ಲೇ ಕೇಳಿಸಿಕೊಂಡು, ಅವನು ಒಬ್ಬರಿಗೆ ಮಾಡಬೇಕಾದದ್ದನ್ನು ಅಚ್ಚಿಗೇ ಮಾಡಿದ್ದಾನೆ, ಮೊದಲು ಅಚ್ಚನ್ನು ಟ್ರೂ ಮಾಡಬೇಕು, ಆಮೇಲೆ ಹೆಸರು ಹಿಡಿದು ಅವರೊಬ್ಬರದನ್ನೇ ಫಾಲ್ಸ್ ಮಾಡಬೇಕು ಎಂದು ಹೇಳಿದಳು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಮಾತಿನ ಮೊದಲರ್ಧ ಹಾಲೇಶಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಅರ್ಧವೂ ಕೇಳಿಸಿತ್ತೆಂದು ಅವನು ಆಮೇಲೆ ಪಂಪಮ್ಮನ ಹತ್ತಿರ ಒಪ್ಪಿಕೊಂಡ.

ಅಚ್ಚು ಟ್ರೂ ಆಯಿತು. ಅಧ್ಯಕ್ಷರ ಕಟ್ಟಪ್ಪಣೆಯಂತೆ ಯುಗಾದಿ ಸಭೆಯ ಆಮಂತ್ರಣದ ಜೊತೆಗೆ ತಿದ್ದುಪಡಿಯೂ ಹೋಗಬೇಕಿತ್ತು. ಮೈಲಾರಲಿಂಗಪ್ಪನವರು ತಾವೇ ಒಕ್ಕಣೆ ಹೇಳಿ ಬರೆಸಿದರು: ‘ತಾವು ಜೀವಂತವಾಗಿರುವಿರೆಂದು ತಿಳಿಸಲು ಬಳಗವು ಹರ್ಷಿಸುತ್ತದೆ. ಯುಗಾದಿಯ ಸಭೆಗೆ ತಪ್ಪದೆ ಬರಬೇಕು.’ ಪ್ರಿಂಟರು ಕಟಕಟ ಎಂದಿತು. ಹಾಲೇಶಪ್ಪ ಈ ಸಲವೂ ಕಟ್ಟನ್ನು ಬೋರಲು ಮಾಡಿಯೇ ಮನೆಗೆ ಒಯ್ದ.

ಪತ್ರ ಮುಟ್ಟಿದ ಮೇಲೆ ಊರಿಗೆ ನಗು ಬಂತು. ಸತ್ತು ಬದುಕಿದವರು ಎಂದು ಹೋಟೆಲುಗಳಲ್ಲಿ ಬಳಗದವರಿಗೆ ಮರ್ಯಾದೆ ಹೆಚ್ಚಿತು. ಒಬ್ಬರು ಪತ್ರವನ್ನು ಮೇಲಂಗಿಯ ಜೇಬಿನಲ್ಲಿಟ್ಟುಕೊಂಡು, ತಾವು ಬದುಕಿರುವುದಕ್ಕೆ ಪುರಾವೆ ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದರು. ಯುಗಾದಿ ಸಭೆಯ ದಿನ ಹಾಲ್ ತುಂಬಿತ್ತು. ಮಂಡಕ್ಕಿ ಮಿರ್ಚಿ ಬಂದವು, ಬೇವು ಬೆಲ್ಲ ಹಂಚಿದರು. ಮೈಲಾರಲಿಂಗಪ್ಪನವರು ಕೂಡ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು ಬಂದು ಮೇಜಿನ ಮೇಲಿಟ್ಟಿದ್ದರು. ಹಾಲೇಶಪ್ಪನಿಗೆ ಹೂವಿನ ಹಾರ ಹಾಕಬೇಕೋ ಚಪ್ಪಲಿಯದು ಹಾಕಬೇಕೋ ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು, ಹಾಲೇಶಪ್ಪನೂ ನಕ್ಕ.

ಆಗ ಗಾದೆಪ್ಪನ ಹೆಂಡತಿ ಓಬಮ್ಮ ಒಳಗೆ ಬಂದಳು.

ಜೊತೆಗೆ ಸೊಸೆ ಇದ್ದಳು. ಓಬಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗಂಡಸರ ನಡುವೆ ಹಾಯ್ದು ಮೇಜಿನ ತನಕ ನಡೆದು ಬಂದಳು. ಕೈಯಲ್ಲಿ ಮಡಚಿದ ಹಾಳೆಯಿತ್ತು. ಮೈಲಾರಲಿಂಗಪ್ಪನವರು ಎದ್ದು ನಿಂತರು. ನಗು ಹಿಂದಿನ ಸಾಲಿನ ತನಕ ಒಬ್ಬೊಬ್ಬರಲ್ಲೇ ಆರಿತು.

ಓಬಮ್ಮನಿಗೆ ಓದು ಬರುತ್ತಿರಲಿಲ್ಲ. ಪತ್ರವನ್ನು ಸೊಸೆ ಓದಿ ಹೇಳಿದ್ದಳು. ಸೊಸೆ ಮೊದಲು ಓದಲು ಒಪ್ಪಿರಲಿಲ್ಲವಂತೆ, ಏನೂ ಇಲ್ಲ ಸುಮ್ಮನೆ ಕಾಗದ ಎಂದಳಂತೆ. ಅತ್ತೆ ಬಿಡಲಿಲ್ಲ. ಶ್ರೀ ಗಾದೆಪ್ಪನವರೇ, ತಾವು ಜೀವಂತವಾಗಿರುವಿರೆಂದು ತಿಳಿಸಲು ಬಳಗವು ಹರ್ಷಿಸುತ್ತದೆ.

ಓಬಮ್ಮ ಜಗಳಕ್ಕೆ ಬಂದಿರಲಿಲ್ಲ. ಸಿಟ್ಟೂ ಇರಲಿಲ್ಲ. ಸಭೆಯಲ್ಲಿ ಹೇಗೆ ಮಾತಾಡಬೇಕೆಂದು ಗೊತ್ತಿಲ್ಲದವರ ಹಾಗೆ ಪತ್ರವನ್ನು ಮೇಜಿನ ಅಂಚಿನಲ್ಲಿಟ್ಟು, ಹಾಲೇಶಪ್ಪನ ಕಡೆ ತಿರುಗಿದಳು.

“ಅಣ್ಣಾರ, ನಮ್ಮ ಮನಿಯವರಿಗೆ ಸಭಿಗೆ ಬರ್ರಿ ಅಂತ ಕಾಗದ ಬಂದಿತ್ತು. ಅವ್ರಿಗೆ ಬರಾಕ ಆಗಂಗಿಲ್ಲಲ್ರಿ. ಕರದವರಿಗೆ ಒಂದು ಮಾತು ಹೇಳಿ ಹೋಗಬೇಕು ಅಂತ ಬಂದೆ.”

ಇಷ್ಟು ಹೇಳಿ ನಮಸ್ಕಾರ ಮಾಡಿ, ಬಂದ ದಾರಿಯಲ್ಲೇ ಹಿಂದಿರುಗಿ ಹೋದಳು. ಮೈಲಾರಲಿಂಗಪ್ಪನವರು ಬೇವು ಬೆಲ್ಲವನ್ನಾದರೂ ಕೊಡಿ ಎಂದು ಯಾರಿಗೋ ಹೇಳಿದರು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ತಮ್ಮ ಪ್ಲಾಸ್ಟಿಕ್ ಹೊದಿಕೆಯ ಪತ್ರವನ್ನು ಮೇಜಿನಿಂದ ತೆಗೆದು ಚೀಲದೊಳಗೆ ಇಟ್ಟುಕೊಂಡರು.

ಹಾಲೇಶಪ್ಪ ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಪಂಪಮ್ಮ ಮರುದಿನ ಅವನ ಶರ್ಟು ತಂದು ಮಂಚದ ಮೇಲೆ ಒಗೆದು, “ಆಕಿ ಹೆಂಗಸು ಸಭಿಗೆ ಬಂದು ಹೇಳಿ ಹೋದ್ಲು. ನೀವು ಒಂದು ಹೆಸರು ಬರಿಯಾಕ ಹೆದರ್ತೀರಲ್ಲ,” ಎಂದಳು.

ಪುಷ್ಪಲತಾ ಹರಪನಹಳ್ಳಿಯಿಂದ ಬಂದಿದ್ದಳು. ಪ್ರೋಗ್ರಾಮು ತೆರೆದು ನೋಡಿ, ಯಾಕೆ ಸರ್ ಹೆಸರು ಬರೆದಿಲ್ಲ, ನಾನು ಹೇಳಿದ್ದೆನಲ್ಲ ಎಂದು ಕೇಳಿದಳು. ಹಾಲೇಶಪ್ಪ ಕುರ್ಚಿಯ ತುದಿಯಲ್ಲಿ ಕುಳಿತು, ಆ ಹೆಸರಿನ ಮುಂದೆ ಆ ಮಾತು ಬರೆಯಲು ಕೈ ಬರಲಿಲ್ಲ ಎಂದ. ಸದಸ್ಯ ಎಂದರೆ ಸಾಕು ಅಂದುಕೊಂಡೆ ಎಂದ. ಆಕೆ ತಾನೇ ಒತ್ತಲೇ ಎಂದು ಮೆಲ್ಲಗೆ ಕೇಳಿದಳು. ಅವನು ಬೇಡವೆಂದ.

ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಗಾದೆಪ್ಪ. ಚುಕ್ಕೆ. ಜೀವಂತ. ಫಾಲ್ಸ್. ಪ್ರಿಂಟರು ಮುಂದಿನ ತಿಂಗಳ ಸಭೆಯ ಪತ್ರಗಳನ್ನು ಉಗುಳಿತು. ಈ ಸಲ ಹಾಲೇಶಪ್ಪ ಅವುಗಳನ್ನು ಬೋರಲು ಮಾಡಲಿಲ್ಲ, ಅಲ್ಲೇ ನಿಂತು ಒಂದೊಂದಾಗಿ ಓದಿದ. ಮೈಲಾರಲಿಂಗಪ್ಪನವರು ಬದುಕಿದ್ದರು. ಕೊಟ್ರಮ್ಮ ಬದುಕಿದ್ದಳು. ತಾನೂ ಬದುಕಿದ್ದ. ಒಂದೇ ಒಂದು ಹಾಳೆ ಬೇರೆಯಿತ್ತು. ಉಳಿದವನ್ನು ಅಂಚೆಗೆ ಹಾಕಿ, ಅದೊಂದನ್ನು ಕೈಯಲ್ಲಿ ಹಿಡಿದು ಗಾದೆಪ್ಪನ ಮನೆಯ ಕಡೆ ನಡೆದ.

ಓಬಮ್ಮ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ಚಾಪೆ ಹಾಸಿದಳು. ಅವನು ನೀರು ಕೇಳಿ ಕುಡಿದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದ. ಪತ್ರ ತಂದಿದ್ದೇನೆ ಎಂದಷ್ಟೇ ಹೇಳಿದ. ಒಂದು ಕಾಗದ ಹೋದರು ಎಂದಿತು, ಒಂದು ಇದ್ದಾರೆ ಎಂದಿತು, ಈಗ ಇದು ಏನನ್ನುತ್ತದೆ ಎಂದು ಆಕೆ ಕೇಳಿದಳು. ಸೊಸೆ ಮನೆಯಲ್ಲಿರಲಿಲ್ಲ. ನೀವೇ ಓದಿರಿ ಎಂದಳು.

ಹಾಲೇಶಪ್ಪ ಕನ್ನಡಕ ಏರಿಸಿಕೊಂಡು ಶುರುಮಾಡಿದ. “ತಮ್ಮ ಮನೆಯ ಹಿರಿಯರೂ ನಮ್ಮ ಬಳಗದ ಆಧಾರಸ್ತಂಭವೂ ಆಗಿದ್ದ ಶ್ರೀ ಗಾದೆಪ್ಪನವರು...”

ಓಬಮ್ಮ ನಕ್ಕುಬಿಟ್ಟಳು. ಗಂಡ ಹೋದ ಮೇಲೆ ಆಕೆ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

“ಅವರು ಅಂತ ಅವ್ರಿಗೆ ನೀವು ಯಾವತ್ತರ ಅಂದಿದ್ರೇನು ಅಣ್ಣಾರ? ನೀವು ಕರಿಯೋಹಂಗ ಕರದು ಹೇಳ್ರಿ. ಇಲ್ಲಂದ್ರ ಯಾರೋ ಬ್ಯಾರೇದವರು ಹೋದ್ರು ಅಂದಂಗ ಕೇಳಸ್ತೈತಿ.”

ಹಾಲೇಶಪ್ಪ ಪತ್ರವನ್ನು ಕೆಳಗಿಟ್ಟ. ಕನ್ನಡಕ ತೆಗೆದ.

“ಗಾದ್ಯಾ ಹೋದ ತಂಗಿ,” ಎಂದ.

ಓಬಮ್ಮ ಹೂಂ ಎಂದಳು. ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಇಬ್ಬರೂ ಅಳತೊಡಗಿದರು.